ಬೆಂಗಳೂರಿಂದ ಮಂಗಳೂರಿಗೆ ಎಲೆಕ್ಟ್ರಿಕ್ ಕಾರಲ್ಲಿ: ಚಾರ್ಜರ್ ಸ್ಕ್ರೀನ್ ಓದೋದು ಹೇಗೆ

ಕಳೆದ ಮಳೆಗಾಲದ ಕೊನೆಯಲ್ಲಿ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ನಮ್ಮ ನೆಕ್ಸಾನ್ ಇವಿಯಲ್ಲಿ ಮಂಗಳೂರಿಗೆ ಹೋಗಿಬಂದೆ. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ, ಬಿ.ಸಿ. ರೋಡ್. ಸುಮಾರು 350 ಕಿ.ಮೀ. ಎಲ್ಲರೂ ಕೇಳುವುದು ದಾರಿಯಲ್ಲಿ ಚಾರ್ಜರ್ ಸಿಗುತ್ತಾ ಅಂತ. ಸಿಗುತ್ತೆ, ಹೆದ್ದಾರಿ ಪಕ್ಕದ ಹೋಟೆಲ್‌ಗಳ ಅಂಗಳದಲ್ಲೇ ಇವೆ. ನನಗೆ ಕಷ್ಟವಾಗಿದ್ದು ಸಿಕ್ಕ ಮೇಲೆ. ಗನ್ (ಕಾರಿಗೆ ಚುಚ್ಚುವ ಚಾರ್ಜರ್‌ನ ಪ್ಲಗ್) ಹಾಕಿದ ಕೂಡಲೇ ಸ್ಕ್ರೀನ್ ತುಂಬಾ ಅಂಕಿ, ಯಾವುದನ್ನು ನೋಡಬೇಕು ಅಂತಲೇ ಗೊತ್ತಾಗಲಿಲ್ಲ. ಹೋಗಿಬರುವಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನೀವು ಹೊರಡುವ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಮ್ಮ ಕಾರಿನ ಬ್ಯಾಟರಿ 40.5 ಯೂನಿಟ್‌ನದು. ಬೆಸ್ಕಾಂ ಬಿಲ್‌ನಲ್ಲಿ ಬರುವ ಅದೇ ಯೂನಿಟ್, ಚಾರ್ಜರ್ ಸ್ಕ್ರೀನ್ ಮೇಲೆ ಅದನ್ನು 'ಕೆ ಡಬ್ಲ್ಯೂ ಎಚ್' ಅಂತ ಬರೆದಿರುತ್ತಾರೆ. ಪಕ್ಕದಲ್ಲೇ ಕೊನೆಯ 'ಎಚ್' ಇಲ್ಲದ ಇನ್ನೊಂದು ಇರುತ್ತೆ, ಬರೀ 'ಕೆ ಡಬ್ಲ್ಯೂ', ಅಂದರೆ ಕಿಲೋವ್ಯಾಟ್. ಒಂದೇ ಥರ ಕಾಣುವ ಇವೆರಡರಲ್ಲೇ ತುಂಬಾ ಜನ ಎಡವುವುದು. ಎಚ್ ಇರುವುದು ಇಲ್ಲಿಯವರೆಗೆ ಎಷ್ಟು ಕರೆಂಟ್ ಕಾರಿಗೆ ಹೋಗಿದೆ ಅನ್ನೋದು, ಅದು ಏರುತ್ತಾ ಹೋಗುತ್ತೆ, ದುಡ್ಡು ಲೆಕ್ಕ ಹಾಕುವುದು ಅದರ ಮೇಲೆ. ಎಚ್ ಇಲ್ಲದ್ದು ಈ ಕ್ಷಣದಲ್ಲಿ ಎಷ್ಟು ವೇಗವಾಗಿ ಹೋಗುತ್ತಿದೆ ಅನ್ನೋದು, ಅದು ಏರಬಹುದು, ಇಳಿಯಬಹುದು. 30 ಕಿಲೋವ್ಯಾಟ್‌ನಲ್ಲಿ ಒಂದು ಗಂಟೆ ಹೋದರೆ 30 ಯೂನಿಟ್, ಅರ್ಧ ಗಂಟೆ ಹೋದರೆ 15.

ಮನೆಯಿಂದ 100 ಪರ್ಸೆಂಟ್‌ನಲ್ಲಿ ಹೊರಟು ಹಾಸನದ ಹತ್ತಿರ ಬಂದಾಗ 31 ಉಳಿದಿತ್ತು. ಒಂದು ಹೋಟೆಲ್ ಮುಂದೆ ಚಾರ್ಜರ್, ಮೈಮೇಲೆ ದೊಡ್ಡದಾಗಿ 60 ಕಿಲೋವ್ಯಾಟ್ ಅಂತ ಸ್ಟಿಕ್ಕರ್. ಗನ್ ಹಾಕಿ ಆ್ಯಪ್‌ನಲ್ಲಿ ಶುರು ಒತ್ತಿದರೆ ಏನೂ ಆಗಲಿಲ್ಲ, ಸ್ಕ್ರೀನ್ 'ಗನ್ ಜೋಡಿಸಿ' ಅಂತಲೇ ಹೇಳುತ್ತಿತ್ತು. ಎರಡು ಸಲ ತೆಗೆದು ಹಾಕಿದ ಮೇಲೆ ಗೊತ್ತಾಯಿತು, ನಾನು ಹಾಕಿದ್ದು ಒಂದನೇ ಗನ್, ಆ್ಯಪ್‌ನಲ್ಲಿ ಒತ್ತಿದ್ದು ಎರಡನೆಯದು. ಗನ್ ಮೇಲೆ ಅಥವಾ ಅದರ ಹೋಲ್ಡರ್ ಹತ್ತಿರ ನಂಬರ್ ಇರುತ್ತೆ, ಅದನ್ನು ಮೊದಲು ನೋಡಿಕೊಳ್ಳಿ.

ಸರಿಯಾಗಿ ಒತ್ತಿದ ಮೇಲೂ ತಕ್ಷಣ ಶುರುವಾಗಲ್ಲ. 'ಪ್ರಿಪೇರಿಂಗ್' ಅಂತ ಬರುತ್ತೆ, ಆಮೇಲೆ ಕೇಬಲ್ ಚೆಕ್ ಅಥವಾ ಇನ್ಸುಲೇಷನ್ ಟೆಸ್ಟ್. ಅಷ್ಟು ಜೋರಿನ ಕರೆಂಟ್ ಬಿಡುವ ಮೊದಲು ಎಲ್ಲೂ ಸೋರಿಕೆ ಇಲ್ಲ ಅಂತ ಚಾರ್ಜರ್ ಪರೀಕ್ಷೆ ಮಾಡುವ ಹೊತ್ತು ಅದು. ಅರ್ಧ ನಿಮಿಷವೋ ಒಂದು ನಿಮಿಷವೋ ಸುಮ್ನೆ ನಿಂತಿರಿ. ಈ ಫಾಸ್ಟ್ ಚಾರ್ಜರ್‌ಗಳ ಗನ್ ಭಾರ ಇರುತ್ತೆ, ಕೇಬಲ್ ತೂಕಕ್ಕೆ ಕೆಳಗೆ ಜಗ್ಗುತ್ತೆ. ಒಳಗೆ ಟಕ್ ಅಂತ ಲಾಕ್ ಆಗುವವರೆಗೆ ಗನ್ನನ್ನು ಸ್ವಲ್ಪ ಮೇಲಕ್ಕೆತ್ತಿ ಒತ್ತಿ ಹಿಡಿದಿದ್ದರೆ ಅರ್ಧದಲ್ಲೇ ಫೇಲ್ ಆಗೋದು ಕಡಿಮೆ.

ಅಂತೂ ಶುರುವಾಯಿತು. 334 ವೋಲ್ಟ್, 86 ಆಂಪ್ಸ್, 28.7 ಕಿಲೋವ್ಯಾಟ್. ನನಗೆ ಗಾಬರಿ. ಸ್ಟಿಕ್ಕರ್ ಮೇಲೆ 60 ಇದೆ, ಬರ್ತಿರೋದು ಅರ್ಧಾನೂ ಇಲ್ಲ. ನಿಲ್ಲಿಸಿ ಇನ್ನೊಂದು ಗನ್ ಹಾಕೋಣ ಅಂತ ಕೈ ಹಾಕಿದಾಗ ಪಕ್ಕದಲ್ಲಿ ಕಾಯುತ್ತಿದ್ದ ಟ್ಯಾಕ್ಸಿ ಡ್ರೈವರ್ ಒಬ್ಬರು ತಡೆದರು.

"ಮೇಡಂ, ಚಾರ್ಜರ್ ಚೆನ್ನಾಗೇ ಇದೆ. ನಿಮ್ ಗಾಡಿ ಕೇಳ್ತಿರೋದೇ ಅಷ್ಟು. ಡಿಮ್ಯಾಂಡ್ ನೋಡಿ."

ಸ್ಕ್ರೀನ್ ಮುಟ್ಟಿ ಇನ್ನೊಂದು ಪುಟ ತೆರೆದು ತೋರಿಸಿದರು. ಅಲ್ಲಿ ಎರಡು ಸಾಲು ಇತ್ತು. ಡಿಮ್ಯಾಂಡ್ 87 ಆಂಪ್ಸ್, ಔಟ್‌ಪುಟ್ 86. ಡಿಮ್ಯಾಂಡ್ ಅಂದರೆ ಕಾರಿನ ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್ ಕೇಳುತ್ತಿರೋದು, ಔಟ್‌ಪುಟ್ ಅಂದರೆ ಚಾರ್ಜರ್ ಕೊಡುತ್ತಿರೋದು. ಎರಡೂ ಹತ್ತಿರ ಹತ್ತಿರ ಇದ್ದರೆ ಚಾರ್ಜರ್ ತಪ್ಪಿಲ್ಲ, ಬೇರೆ ಚಾರ್ಜರ್ ಹುಡುಕಿಕೊಂಡು ಹೋದರೂ ಅಷ್ಟೇ ಸಿಗೋದು. ಡಿಮ್ಯಾಂಡ್ ಜಾಸ್ತಿ, ಔಟ್‌ಪುಟ್ ಕಡಿಮೆ ಇದ್ದರೆ ಮಾತ್ರ ಚಾರ್ಜರ್ ಕಡೆ ಏನೋ ಅಡ್ಡಿ. ಎಲ್ಲಾ ಚಾರ್ಜರ್‌ಗಳಲ್ಲೂ ಈ ಪುಟ ಇರಲ್ಲ. ಆದರೆ ಇದ್ದಲ್ಲಿ ನಾನು ಈಗ ಮೊದಲು ನೋಡೋದೇ ಇದನ್ನು.

ಕಿಲೋವ್ಯಾಟ್ ತೋರಿಸದ ಹಳೆಯ ಸ್ಕ್ರೀನ್ ಆದರೆ ವೋಲ್ಟ್‌ನ್ನು ಆಂಪ್ಸ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ. 334 ಗುಣಿಸು 86, ಸುಮಾರು 28,700, ಅಂದರೆ 28.7. ಸ್ಟಿಕ್ಕರ್ ಮೇಲಿನ 60 ಸಿಗದಿರುವ ಗುಟ್ಟೂ ಇದರಲ್ಲೇ ಇದೆ. ನಮ್ಮ ಥರದ ಕಾರುಗಳ ಬ್ಯಾಟರಿ ಮುನ್ನೂರು ಚಿಲ್ಲರೆ ವೋಲ್ಟ್‌ನದು. ಜಾಸ್ತಿ ವೋಲ್ಟ್ ಇರುವ ಕಾರಿಗೆ ಅದೇ ಆಂಪ್ಸ್ ಕೊಟ್ಟರೂ ಕಿಲೋವ್ಯಾಟ್ ಜಾಸ್ತಿ ಬರುತ್ತೆ. ಚಾರ್ಜರ್‌ನ ಮಿತಿ, ಕಾರಿನ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮಗೆ ಸಿಗೋದು.

ಒಳಗೆ ಹೋಗಿ ದೋಸೆ ತಿನ್ನುತ್ತಾ ಕೂತೆವು. 41 ನಿಮಿಷಕ್ಕೆ 80 ಪರ್ಸೆಂಟ್ ಆಯಿತು. ಸ್ಕ್ರೀನ್ ಮೇಲೆ 'ಉಳಿದ ಸಮಯ' ಆಗಲೂ ಅರ್ಧ ಗಂಟೆಗಿಂತ ಜಾಸ್ತಿ ತೋರಿಸುತ್ತಿತ್ತು, ಯಾಕಂದರೆ ಅದು 100 ಆಗುವವರೆಗಿನ ಲೆಕ್ಕ. 80 ದಾಟಿದ ಮೇಲೆ ಕಾರೇ ಆಂಪ್ಸ್ ಕಡಿಮೆ ಕೇಳುತ್ತಾ ಬರುತ್ತೆ, ಕೊನೆಯ 20 ಪರ್ಸೆಂಟ್‌ಗೆ ಹೆದ್ದಾರಿಯಲ್ಲಿ ಕಾಯೋದು ದಂಡ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರೆ ತೆಗೆದುಬಿಡಿ, ದಯವಿಟ್ಟು.

ಬಿಲ್ ನೋಡಿದಾಗ ಇನ್ನೊಂದು ಅನುಮಾನ. 31ರಿಂದ 80 ಅಂದರೆ 49 ಪರ್ಸೆಂಟ್, 40.5ರಲ್ಲಿ 19.8 ಯೂನಿಟ್ ಆಗಬೇಕು. ಸ್ಕ್ರೀನ್ ತೋರಿಸಿದ್ದು 21.3. ಇದು ಮೋಸ ಅಲ್ಲ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗೋದು, ಬ್ಯಾಟರಿ ತಣ್ಣಗಿಡಲು ಖರ್ಚಾಗೋದು ಎಲ್ಲಾ ಅದರಲ್ಲಿ ಸೇರಿರುತ್ತೆ. ಮಗಳು ಒಳಗೆ ಎಸಿ ಹಾಕಿಕೊಂಡು ಸ್ವಲ್ಪ ಹೊತ್ತು ಮಲಗಿದ್ದಳು, ಅದೂ ಇದರಲ್ಲೇ. ದರ ಮಾತ್ರ ನೋಡಿಕೊಳ್ಳಿ. ಸ್ಕ್ರೀನ್ ಮೇಲೆ ಯೂನಿಟ್‌ಗೆ 20 ರೂಪಾಯಿ ಅಂತಿತ್ತು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 426 ಅಂದುಕೊಂಡಿದ್ದು 502 ರೂಪಾಯಿ ಚಿಲ್ಲರೆ ಆಯಿತು. ಆ್ಯಪ್ ವಾಲೆಟ್‌ನಲ್ಲಿ ಲೆಕ್ಕಕ್ಕಿಂತ ನೂರಿನ್ನೂರು ಜಾಸ್ತಿ ಇಟ್ಟಿರಿ. ಪ್ರೀಪೇಯ್ಡ್ ವಾಲೆಟ್‌ನಲ್ಲಿ ದುಡ್ಡು ಮುಗಿದರೆ ಚಾರ್ಜಿಂಗ್ ಅಲ್ಲೇ ನಿಲ್ಲುತ್ತೆ, ನೀವು ಒಳಗೆ ಕಾಫಿ ಕುಡಿಯುತ್ತಿದ್ದರೆ ಗೊತ್ತೇ ಆಗಲ್ಲ.

ಘಾಟಿ ವಿಷಯಕ್ಕೆ ಬರೋಣ. ಘಾಟಿಯ ಮೇಲೆ ಮಾರನಹಳ್ಳಿ ಹತ್ತಿರ 61 ಪರ್ಸೆಂಟ್ ಇದ್ದದ್ದು ಕೆಳಗೆ ಗುಂಡ್ಯ ತಲುಪಿದಾಗ 62. ಇಳಿಜಾರಿನಲ್ಲಿ ಕಾರು ತಾನೇ ಚಾರ್ಜ್ ಮಾಡಿಕೊಳ್ಳುತ್ತೆ, ಹಾಗಾಗಿ ಸಕಲೇಶಪುರದಲ್ಲಿ ಫುಲ್ ಮಾಡಿಕೊಂಡು ಇಳಿಯುವ ಅಗತ್ಯ ಇಲ್ಲ. ಪೂರ್ತಿ ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ತುಂಬಿಕೊಳ್ಳಲು ಜಾಗವೂ ಇರಲ್ಲ ಅಲ್ವಾ. ಮಂಗಳೂರು ತಲುಪಿದಾಗ 32 ಇತ್ತು.

ಮಂಗಳೂರಿನಲ್ಲಿ ಉಳಿದ ಲಾಡ್ಜ್‌ನಲ್ಲಿ ಎಸಿ ಚಾರ್ಜರ್ (ತಂಪಿನ ಎಸಿ ಅಲ್ಲ, ಮನೆಗೆ ಬರುವ ಥರದ ಕರೆಂಟನ್ನೇ ಕಾರಿಗೆ ಕೊಡುವ ನಿಧಾನದ ಚಾರ್ಜರ್), ಮೇಲೆ 22 ಕಿಲೋವ್ಯಾಟ್ ಅಂತ ಬೋರ್ಡ್. ಇದರ ಸ್ಕ್ರೀನ್ ಮೇಲೆ ಪರ್ಸೆಂಟ್ ಕಾಣಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಎಸಿ ಚಾರ್ಜಿಂಗ್‌ನಲ್ಲಿ ಸಾಮಾನ್ಯವಾಗಿ ಕಾರು ತನ್ನ ಪರ್ಸೆಂಟನ್ನು ಚಾರ್ಜರ್‌ಗೆ ಹೇಳುವುದೇ ಇಲ್ಲ, ಅದನ್ನು ಕಾರಿನ ಒಳಗೇ ನೋಡಬೇಕು. ವೇಗವೂ ಅಷ್ಟೇ, ಎಸಿ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಬದಲಿಸುವ ನಮ್ಮ ಕಾರಿನೊಳಗಿನ ಚಾರ್ಜರ್ 7.2 ಕಿಲೋವ್ಯಾಟ್‌ನದು, ಬೋರ್ಡ್ ಏನೇ ಹೇಳಲಿ ಅದಕ್ಕಿಂತ ಜಾಸ್ತಿ ಬರಲ್ಲ. ರಾತ್ರಿ ಹಾಕಿ ಮಲಗಿದೆವು, ಬೆಳಿಗ್ಗೆ 100.

ವಾಪಸ್ ಬರುವಾಗ ಲೆಕ್ಕ ಬೇರೆ. ಸಮುದ್ರದ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಹತ್ತಬೇಕು. ಜನ, ಸಾಮಾನು ಸೇರಿ 1,600 ಕೆ.ಜಿ. ಮೀರಿದ ಕಾರನ್ನು ಅಷ್ಟು ಎತ್ತಲು ಸುಮಾರು 4 ಯೂನಿಟ್ ಬೇಕು, ಅಂದರೆ ನಮ್ಮ ಬ್ಯಾಟರಿಯ 10 ಪರ್ಸೆಂಟ್ ಬರೀ ಏರುವುದಕ್ಕೆ. ಹಾಸನದ ಹತ್ತಿರ ಬಂದಾಗ 24 ಪರ್ಸೆಂಟ್. ಈ ಸಲ ಸಿಕ್ಕಿದ್ದು 30 ಕಿಲೋವ್ಯಾಟ್‌ನ ಚಾರ್ಜರ್, ಎರಡು ಗನ್. ಇನ್ನೊಂದು ಗನ್‌ನಲ್ಲಿ ಆಗಲೇ ಒಂದು ಕಾರಿತ್ತು. ಡಿಮ್ಯಾಂಡ್ 87, ಔಟ್‌ಪುಟ್ 44. ಈ ಸಲ ಗಾಬರಿ ಆಗಲಿಲ್ಲ, ಇದ್ದದ್ದನ್ನು ಇಬ್ಬರಿಗೂ ಹಂಚಿ ಕೊಡುತ್ತಿದೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಪಕ್ಕದವರನ್ನು ಕೇಳಿದೆ, ಇನ್ನು ಹತ್ತು ನಿಮಿಷ ಅಂದರು. ಅವರು ಹೋದ ಸ್ವಲ್ಪ ಹೊತ್ತಿಗೆ 86ಕ್ಕೆ ಏರಿತು. ಕೆಲವು ಚಾರ್ಜರ್‌ಗಳು ಮಧ್ಯದಲ್ಲಿ ಹಾಗೆ ಏರಿಸಲ್ಲ, ನಿಲ್ಲಿಸಿ ಮತ್ತೆ ಶುರು ಮಾಡಬೇಕಾಗುತ್ತೆ.

ಆ್ಯಪ್‌ನಲ್ಲೋ ಸ್ಕ್ರೀನ್‌ನಲ್ಲೋ ಬರುವ ಕೆಲವು ಇಂಗ್ಲಿಷ್ ಮಾತುಗಳನ್ನು ನೆನಪಿಟ್ಟುಕೊಳ್ಳಿ. 'ಸಸ್ಪೆಂಡೆಡ್ ಇವಿ' ಅಂದರೆ ಚಾರ್ಜರ್ ಕೊಡಲು ಸಿದ್ಧ, ಕಾರು ತೆಗೆದುಕೊಳ್ಳುತ್ತಿಲ್ಲ. 'ಸಸ್ಪೆಂಡೆಡ್ ಇವಿಎಸ್‌ಇ' ಅಂದರೆ ಉಲ್ಟಾ, ಚಾರ್ಜರ್ ಕೊಡುತ್ತಿಲ್ಲ. ಮೊದಲನೆಯದಕ್ಕೆ ಕಾರಿನ ಸೆಟ್ಟಿಂಗ್ ನೋಡಿ, ಎರಡನೆಯದಕ್ಕೆ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. 'ಫಿನಿಶಿಂಗ್' ಅಂತ ಇದ್ದರೆ ಚಾರ್ಜ್ ಮುಗಿದಿದೆ, ಗನ್ ಇನ್ನೂ ಕಾರಲ್ಲೇ ಇದೆ ಅಂತ. 'ಎಮರ್ಜೆನ್ಸಿ' ಅಂತ ಬಂದರೆ ಪಕ್ಕದ ಕೆಂಪು ಗುಂಡಿಯನ್ನು ಯಾರೋ ಒತ್ತಿರುತ್ತಾರೆ. ಹೋಟೆಲ್‌ನವರನ್ನು ಕೇಳಿ, ಯಾಕೆ ಒತ್ತಿದ್ದರು ಅಂತ ತಿಳಿದುಕೊಂಡು, ತೊಂದರೆ ಏನಿಲ್ಲ ಅಂದರೆ ಮಾತ್ರ ಗುಂಡಿ ಮೇಲಿನ ಬಾಣದ ಕಡೆಗೆ ತಿರುಗಿಸಿ, ಹೊರಗೆ ಬರುತ್ತೆ.

ಕೊನೆಗೆ ಒಂದು ಕೆಲಸ ಮರೆಯಬೇಡಿ. ನಿಲ್ಲಿಸಿದ ಮೇಲೆ ಯೂನಿಟ್, ಸಮಯ, ದುಡ್ಡು ಎಲ್ಲಾ ಒಟ್ಟಿಗೆ ಬರುವ ಪುಟ ಒಂದು ಕಾಣುತ್ತೆ, ಗನ್ ತೆಗೆದ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತೆ. ಅದರ ಫೋಟೋ ತೆಗೆಯಿರಿ, ಚಾರ್ಜರ್ ನಂಬರೂ ಕಾಣುವ ಹಾಗೆ. ವಾಪಸ್ ಬರುವಾಗಿನ ಆ ಚಾರ್ಜಿಂಗ್‌ಗೆ ನೆಟ್‌ವರ್ಕ್ ಹೋಗಿ ಬಂದು ಆ್ಯಪ್‌ನಲ್ಲಿ ಎರಡು ಸಲ ದುಡ್ಡು ಕಡಿತವಾಗಿತ್ತು. ಮನೆಗೆ ಬಂದು ಆ ಫೋಟೋ ಕಳಿಸಿದೆ, ಆರನೇ ದಿನಕ್ಕೆ ಒಂದು ಸಲದ ದುಡ್ಡು ವಾಲೆಟ್‌ಗೆ ವಾಪಸ್ ಬಂತು.