ಬೇರೆ ರಾಜ್ಯದ ಯೂನಿವರ್ಸಿಟಿಗೆ ಅರ್ಜಿ: ಗೂಗಲ್ ಹೇಳುವ ಪರ್ಸೆಂಟೇಜ್ ನಿಮ್ಮದಲ್ಲ

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕಾಲೇಜು ಅರ್ಜಿಯ ವಿಷಯದಲ್ಲಿ ದಾರಿ ತೋರಿಸುವುದು ನನ್ನ ಕೆಲಸ. ಬರುವವರಲ್ಲಿ ನಮ್ಮ ಕನ್ನಡದವರೂ ಸಾಕಷ್ಟು ಜನ. ಆಗಸ್ಟ್ ಬಂತು ಅಂದರೆ ಅಪ್ಪಂದಿರು ಎಕ್ಸೆಲ್ ಶೀಟ್ ತರುತ್ತಾರೆ. ಒಂದು ಕಾಲಂನಲ್ಲಿ ಕಾಲೇಜಿನ ಹೆಸರು, ಪಕ್ಕದಲ್ಲಿ ಅಕ್ಸೆಪ್ಟೆನ್ಸ್ ರೇಟ್, ಅಂದರೆ ಅರ್ಜಿ ಹಾಕಿದವರಲ್ಲಿ ಶೇಕಡಾ ಎಷ್ಟು ಜನರಿಗೆ ಸೀಟು ಸಿಗುತ್ತದೆ ಎಂಬ ಲೆಕ್ಕ. ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ಯಾವುದೇ ಇರಲಿ, ಆ ಎರಡನೇ ಕಾಲಂ ಅಳಿಸಿಯೇ ನಾನು ಮಾತು ಶುರು ಮಾಡುವುದು.

ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್ ಯೂನಿವರ್ಸಿಟಿ ನೋಡಿ. ಮೊದಲ ವರ್ಷಕ್ಕೆ ಸೇರುವವರಲ್ಲಿ ರಾಜ್ಯದ ಹೊರಗಿನವರು ಶೇ. 18 ದಾಟಬಾರದು ಎಂಬ ನಿಯಮ 1986ರಿಂದ ಇದೆ. ಬೇರೆ ದೇಶದಿಂದ ಬರುವವರೂ ಅದರಲ್ಲೇ ಲೆಕ್ಕ. ಆದರೆ ಅರ್ಜಿ ಹಾಕುವವರಲ್ಲಿ ಜಾಸ್ತಿ ಜನ ಹೊರಗಿನವರೇ. ಹೀಗಾಗಿ ಈಚಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ಹೆಚ್ಚುಕಮ್ಮಿ ಶೇ. 40ರಷ್ಟು ಜನರಿಗೆ ಸೀಟು ಸಿಕ್ಕರೆ, ಹೊರಗಿನವರಿಗೆ ಶೇ. 10ರ ಆಸುಪಾಸು. ಎರಡನ್ನೂ ಬೆರೆಸಿ ಬಂದ ಸಂಖ್ಯೆಯನ್ನು ಗೂಗಲ್ ತೋರಿಸುತ್ತದೆ. ಅದು ಅಲ್ಲಿಯವರಿಗೂ ಅನ್ವಯಿಸುವುದಿಲ್ಲ, ನಮಗೂ ಅನ್ವಯಿಸುವುದಿಲ್ಲ.

ಇಲ್ಲಿಗೆ ಬಂದರೆ ಸಾಮಾನ್ಯವಾಗಿ ಒಂದು ಮಾತು ಬಂದೇ ಬರುತ್ತದೆ. "ಮೇಡಂ, ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿರೋ ನಮ್ಮ ಅಕ್ಕನ ಮಗನಿಗೆ ಅಲ್ಲೇ ಸಿಕ್ತು. ಅವನಿಗಿಂತ ಇವಳ ಎಸ್‌ಎಟಿ ಸ್ಕೋರ್ ಜಾಸ್ತಿ ಇದೆ."

"ನೀವು ಸಿಇಟಿ ಬರೆದವರಲ್ವಾ ಸರ್? ಸೀಟು ಸಿಗುತ್ತಾ ಅಂತ ನೋಡೋಕೆ ಬೇರೆ ಕ್ಯಾಟಗರಿ ಕಟಾಫ್ ನೋಡ್ತಿದ್ರಾ?"

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂಜಿನಿಯರಿಂಗ್ ಓದಿ ಬಂದವರಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಸುತ್ತೇನೆ. ಅಲ್ಲಿ ಕಟಾಫ್ ರ್‍ಯಾಂಕ್ ಅಂತ ಒಂದು ಇರುತ್ತಿತ್ತು, ಇಲ್ಲಿ ಅದೂ ಇಲ್ಲ. ಎಲ್ಲ ಸರಿಯಾಗಿದ್ದರೂ ಸೀಟು ಸಿಗದೆ ಹೋಗಬಹುದು.

ಟೆಕ್ಸಾಸ್ ಕಥೆ ಇನ್ನೂ ಬಿಗಿ. ತಮ್ಮ ಹೈಸ್ಕೂಲ್ ತರಗತಿಯ ಮೊದಲ ಶೇ. 10ರೊಳಗೆ ಬಂದ ಅಲ್ಲಿನ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ತಾನಾಗಿಯೇ ಪ್ರವೇಶ ಎಂಬ ಕಾನೂನು 1997ರಲ್ಲಿ ಬಂತು. ಟೆಕ್ಸಾಸ್ ಯೂನಿವರ್ಸಿಟಿಯ ಆಸ್ಟಿನ್ ಕ್ಯಾಂಪಸ್‌ಗೆ ನೂಕುನುಗ್ಗಲು ಜಾಸ್ತಿಯಾಗಿ ಅಲ್ಲಿ ಆ ಮಿತಿಯನ್ನು ಇಳಿಸುತ್ತಾ ಬಂದರು, 2026ರಲ್ಲಿ ಸೇರುವವರಿಗೆ ಅದು ಶೇ. 5. ಜೊತೆಗೆ ಶೇ. 90 ಸೀಟು ಟೆಕ್ಸಾಸ್‌ನವರಿಗೇ ಮೀಸಲು. ಉಳಿದ ಶೇ. 10ರಲ್ಲಿ ಅಮೆರಿಕದ ಬಾಕಿ ರಾಜ್ಯಗಳು ಮತ್ತು ಇಡೀ ಪ್ರಪಂಚ. ಆಸ್ಟಿನ್ ಅನ್ನು "ಸೇಫ್ಟಿ", ಅಂದರೆ ಖಂಡಿತ ಸಿಗುವ ಕಾಲೇಜು ಅಂತ ಬರೆದುಕೊಂಡು ಬರುವವರು ಈಗಲೂ ಇದ್ದಾರೆ, ನಗು ತಡೆದುಕೊಳ್ಳುವುದು ಕಷ್ಟ.

ಹಾಗಂತ ಎಲ್ಲ ಕಡೆ ಬಾಗಿಲು ಇಷ್ಟೇ ಇಕ್ಕಟ್ಟಲ್ಲ. ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಅರ್ಧದಷ್ಟು ಮಕ್ಕಳು ಹೊರಗಿನವರು. ಕಾರಣ ದುಡ್ಡು. ರಾಜ್ಯ ಸರ್ಕಾರ ಕೊಡುವ ಹಣ ಸಾಲದು, ಹೊರಗಿನವರು ಟ್ಯೂಷನ್ ಒಂದಕ್ಕೇ ವರ್ಷಕ್ಕೆ 60,000 ಡಾಲರ್ ಆಸುಪಾಸು ಕಟ್ಟುತ್ತಾರೆ. ಯೂನಿವರ್ಸಿಟಿಗೆ ಹೊರಗಿನವರು ಬೇಕು, ಶಾಸಕರಿಗೆ ತಮ್ಮ ಮತದಾರರ ಮಕ್ಕಳು ಒಳಗೆ ಬರಬೇಕು. ಪ್ರತಿ ರಾಜ್ಯದಲ್ಲೂ ಈ ಜಗ್ಗಾಟದಲ್ಲಿ ಯಾರ ಕೈ ಮೇಲಾಗಿದೆ ಎಂಬುದನ್ನು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಉಳಿದ ಅರ್ಧ ಮೇಜರ್‌ನಲ್ಲಿ, ಅಂದರೆ ಓದಲು ಆರಿಸಿಕೊಳ್ಳುವ ಮುಖ್ಯ ವಿಷಯದಲ್ಲಿದೆ. ನಮ್ಮವರು ಕೇಳುವುದು ಕಂಪ್ಯೂಟರ್ ಸೈನ್ಸ್ ತಾನೆ? ಇಲಿನಾಯ್‌ನ ಅರ್ಬಾನಾ-ಶಾಂಪೇನ್ ಯೂನಿವರ್ಸಿಟಿ ಒಟ್ಟಾರೆ ಶೇ. 40ರ ಆಸುಪಾಸು ಜನರನ್ನು ತೆಗೆದುಕೊಂಡರೂ ಕಂಪ್ಯೂಟರ್ ಸೈನ್ಸ್‌ನಲ್ಲಿ ಆ ಲೆಕ್ಕ ಶೇ. 10ಕ್ಕಿಂತ ಕೆಳಗಿದೆ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಹೊರಗಿನವರಿಗೆ ಅದು ಇನ್ನೂ ಕಮ್ಮಿ. "ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ಬದಲಾಯಿಸಿಕೊಂಡರೆ ಆಯ್ತು" ಅನ್ನುವ ಉಪಾಯ ಅಲ್ಲಿ ನಡೆಯುವುದು ತೀರಾ ಕಷ್ಟ, ವಿಭಾಗದವರೇ ಅದನ್ನು ಬಾಯಿಬಿಟ್ಟು ಹೇಳುತ್ತಾರೆ.

ಹಾಗಾದರೆ ಏನನ್ನು ನಂಬಬೇಕು? ನಾನು ತೆರೆಸುವುದು ಎರಡು ಕಿಟಕಿ. ಒಂದು, ಕಾಮನ್ ಡೇಟಾ ಸೆಟ್. ಬಹಳಷ್ಟು ಯೂನಿವರ್ಸಿಟಿಗಳು ಪ್ರತಿ ವರ್ಷ ತಮ್ಮ ಪ್ರವೇಶದ ಅಂಕಿಅಂಶಗಳನ್ನು ಹಾಕುವ ಪಟ್ಟಿ ಇದು. ಅದರ ಸಿ1 ಎಂಬ ಭಾಗದಲ್ಲಿ ಈಗ ರಾಜ್ಯದವರು, ಹೊರಗಿನವರು ಅಂತ ಬಿಡಿಸಿ ಕೇಳುತ್ತಾರೆ. ಸಿ7ರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದಿರುತ್ತದೆ, ವಾಸದ ರಾಜ್ಯವೂ ಅದರಲ್ಲಿ ಒಂದು ಸಾಲು.

ಇನ್ನೊಂದು, ಮಗುವಿನ ಶಾಲೆಯ ನಾವಿಯನ್ಸ್ ಸ್ಕ್ಯಾಟರ್‌ಗ್ರಾಂ. ನಾವಿಯನ್ಸ್ ಅಂದರೆ ಕಾಲೇಜು ಅರ್ಜಿಗಾಗಿ ಶಾಲೆಗಳು ಬಳಸುವ ಸಾಫ್ಟ್‌ವೇರ್, ಸ್ಕ್ಯಾಟರ್‌ಗ್ರಾಂ ಅದರಲ್ಲಿನ ಚುಕ್ಕೆಗಳ ಚಿತ್ರ. ನನಗೆ ಇದೇ ಜಾಸ್ತಿ ಇಷ್ಟ. ಅಡ್ಡಕ್ಕೆ ಸ್ಕೋರ್, ಉದ್ದಕ್ಕೆ ಜಿಪಿಎ (ಶಾಲೆಯ ಗ್ರೇಡುಗಳ ಸರಾಸರಿ), ನಡುವೆ ಹಳೆಯ ವಿದ್ಯಾರ್ಥಿಗಳ ಗುರುತುಗಳು: ಸೀಟು ಸಿಕ್ಕಿದ್ದರೆ ಹಸಿರು, ಸಿಗದಿದ್ದರೆ ಕೆಂಪು. ಕ್ಯಾಲಿಫೋರ್ನಿಯಾ ಶಾಲೆಯಿಂದ ಚಾಪೆಲ್ ಹಿಲ್‌ಗೆ ಹಾಕಿದವರು ಹೆಚ್ಚುಕಮ್ಮಿ ಎಲ್ಲರೂ ಅಲ್ಲಿಗೆ ಹೊರಗಿನವರೇ, ಅಲ್ವಾ? ಹಾಗಾಗಿ ಆ ಚಿತ್ರದಲ್ಲಿ ಬೆರಕೆ ಇಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿ, ಅಂದರೆ ಅತಿ ಹೆಚ್ಚು ಅಂಕದವರ ಜಾಗದಲ್ಲೇ, ಕೆಂಪು ತುಂಬಿದ್ದರೆ ಅಂಕ ಒಂದೇ ಸಾಲದು ಎಂದರ್ಥ. ಎಲ್ಲೋ ಕೆಳಗೆ ಒಂಟಿ ಹಸಿರು ಕಂಡರೆ ಅದನ್ನು ನೆಚ್ಚಿಕೊಳ್ಳಬೇಡಿ, ಅದು ಕ್ರೀಡಾಪಟು ಆಗಿರಬಹುದು. ಯಾರು ಯಾವ ಮೇಜರ್‌ಗೆ ಹಾಕಿದ್ದರು ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ, ಅದನ್ನು ಶಾಲೆಯ ಕೌನ್ಸೆಲರ್ ಹತ್ತಿರ ಕೇಳಬೇಕು.

ನ್ಯೂಜೆರ್ಸಿ, ಟೆಕ್ಸಾಸ್ ಕಡೆಯಿಂದ ನಮ್ಮ ಯುಸಿಗಳಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ ಹಾಕುವವರಿಗೂ ಒಂದು ಮಾತು. ಕನಿಷ್ಠ ಜಿಪಿಎ ಇಲ್ಲಿಯವರಿಗೆ 3.0, ನಿಮಗೆ 3.4. ನಿಮ್ಮ ಶಾಲೆಯ ಆನರ್ಸ್ ತರಗತಿಗಳಿಗೆ ಯುಸಿ ಹೆಚ್ಚುವರಿ ಪಾಯಿಂಟ್ ಕೊಡುವುದಿಲ್ಲ, ಎಪಿ, ಐಬಿಯಂಥ ಕಾಲೇಜು ಮಟ್ಟದ ಕೋರ್ಸ್‌ಗಳಿಗೆ ಮಾತ್ರ. ಶಾಲೆಯವರು ಹೆಚ್ಚುವರಿ ಪಾಯಿಂಟ್ ಸೇರಿಸಿ ಕೊಟ್ಟ 4.6 ಜಿಪಿಎಯನ್ನು ಹಾಗೇ ನಂಬಿ ಕೂತವರಿಗೆ ಮತ್ತೆ ಲೆಕ್ಕ ಹಾಕಿದಾಗ ಮುಖ ಸಣ್ಣದಾಗುತ್ತದೆ. ಎಸ್‌ಎಟಿ ಸ್ಕೋರನ್ನಂತೂ ಯುಸಿಯವರು ಪ್ರವೇಶಕ್ಕೆ ನೋಡುವುದೇ ಇಲ್ಲ.

ಕೊನೆಗೆ ಫೀಸ್. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯೂಯುಇ (ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್) ಎಂಬ ಒಪ್ಪಂದ ಇದೆ. ಅದರಲ್ಲಿರುವ ಯೂನಿವರ್ಸಿಟಿಗಳಲ್ಲಿ ಅಲ್ಲಿನವರ ಟ್ಯೂಷನ್‌ನ ಒಂದೂವರೆ ಪಟ್ಟು ಮೀರದಂತೆ ಕಟ್ಟಬಹುದು, ಎಲ್ಲ ಮೇಜರ್‌ಗೂ ಸಿಗುವುದಿಲ್ಲ ಅಷ್ಟೇ. "ಮೊದಲು ಸೀಟು ಸಿಗಲಿ ಮೇಡಂ, ದುಡ್ಡಿನ ಮಾತು ಆಮೇಲೆ" ಅನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಸೀಟು ಕೈಯಲ್ಲಿಟ್ಟುಕೊಂಡ ಮಗುವಿಗೆ "ಇಷ್ಟು ಕಟ್ಟೋಕಾಗಲ್ಲ" ಅನ್ನುವುದು, ಆಗಸ್ಟ್‌ನಲ್ಲಿ ಹೇಳುವುದಕ್ಕಿಂತ ಬಹಳ ಕಷ್ಟ. ಅದಕ್ಕೇ ಮೊದಲ ಭೇಟಿಯಲ್ಲೇ ನಾಲ್ಕು ವರ್ಷದ ಲೆಕ್ಕ ಹಾಕಿಸುತ್ತೇನೆ. ಅಪ್ಪ ಅಮ್ಮ ಮಾತ್ರ ಸಾಲದು, ಮಗನೋ ಮಗಳೋ ಪಕ್ಕದಲ್ಲೇ ಕೂತಿರಬೇಕು ಅನ್ನುವುದು ನನ್ನ ಷರತ್ತು.