ವಾಪಸ್ ಬರುವ ದಾರಿಯನ್ನು ಬೇರೆಯೇ ರೆಕಾರ್ಡ್ ಮಾಡಿ

ಶರಾವತಿ ಹಿನ್ನೀರಿನಲ್ಲಿ, ಸಾಗರದ ಕಡೆ, ನಾನು ಕಯಾಕಿಂಗ್ ಗೈಡ್. ಕಯಾಕ್ ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಚಿಕ್ಕ ದೋಣಿ. ಬಂದವರಿಗೆ ಹುಟ್ಟು ಹಾಕುವುದನ್ನು ಕಲಿಸುವುದು, ಜೊತೆಗೆ ಕರೆದುಕೊಂಡು ಹೋಗುವುದು, ಬೆಳಕಿರುವಾಗಲೇ ಎಲ್ಲರನ್ನೂ ದಡ ಸೇರಿಸುವುದು ನನ್ನ ಕೆಲಸ. ಆರು ವರ್ಷವಾಯಿತು. ಈ ಮೂರರಲ್ಲಿ ಕೊನೆಯದ್ದೇ ಮುಖ್ಯ. ಒಂದು ದಿನ ಅದರಲ್ಲೇ ತಪ್ಪಿದೆ.

ಪ್ರತಿ ಸಲ ನೀರಿಗೆ ಇಳಿಯುವಾಗ ಫೋನಿನಲ್ಲಿ ಸ್ಟ್ರಾವಾ ಆನ್ ಮಾಡುತ್ತೇನೆ. ಓಡುವವರು, ಸೈಕಲ್ ಹೊಡೆಯುವವರು ತಾವು ಹೋದ ದಾರಿ, ದೂರ, ಹೊತ್ತು ರೆಕಾರ್ಡ್ ಮಾಡಲು ಜಾಸ್ತಿ ಬಳಸುವ ಆ್ಯಪ್ ಅದು. ಆದರೆ ಅದರ ಆಟಗಳ ಪಟ್ಟಿಯಲ್ಲಿ ಕೆಳಗೆ ಹೋದರೆ ಕಯಾಕಿಂಗ್, ಕನೂಯಿಂಗ್, ರೋಯಿಂಗ್ ಎಲ್ಲ ಸಿಗುತ್ತವೆ. ನೆಟ್‌ವರ್ಕ್ ಇಲ್ಲದಿದ್ದರೂ ರೆಕಾರ್ಡ್ ಆಗುತ್ತದೆ. ಜಿಪಿಎಸ್ ಬರುವುದು ಉಪಗ್ರಹದಿಂದ, ಟವರ್‌ನಿಂದ ಅಲ್ಲ. ತುಮರಿ, ಬ್ಯಾಕೋಡು ಕಡೆಯ ಜನರಿಗೆ ಟವರ್ ಸಿಗದ ಜಾಗ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಊರಿಗೆ ಬಂದು ವೈಫೈ ಸಿಕ್ಕ ಮೇಲೆ ತಾನಾಗಿ ಅಪ್‌ಲೋಡ್ ಆಗುತ್ತದೆ. ಆದರೆ ನಾವು ಎಲ್ಲಿದ್ದೇವೆ ಅಂತ ಆಗಿಂದಾಗ್ಗೆ ಮನೆಯವರಿಗೆ ತೋರಿಸುವ ಸೌಲಭ್ಯಕ್ಕೆ ಇಂಟರ್ನೆಟ್ ಬೇಕು. ಹಿನ್ನೀರಿನಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ.

ಈಗ ಆ ದಿನದ ಕಥೆ.

ಏಪ್ರಿಲ್ ತಿಂಗಳು. ಎಂಟು ಜನರ ಗುಂಪು, ಇಬ್ಬರು ಕೂರುವ ನಾಲ್ಕು ಕಯಾಕ್. ನಾನು ಮತ್ತು ನನಗಿಂತ ಹಿರಿಯ ಗೈಡ್ ಒಬ್ಬರು, ತಲಾ ಒಂದರಲ್ಲಿ. ಗುಂಪಿನಲ್ಲಿ ಹೆಚ್ಚಿನವರಿಗೆ ಅದೇ ಮೊದಲು. ನಾಲ್ಕು ಕಿಲೋಮೀಟರ್ ದೂರದ ನಡುಗಡ್ಡೆಗೆ ಹೋಗಿ ಬರುವುದು ನಮ್ಮ ಪ್ಲಾನ್. ಹಿಂದಿನ ತಿಂಗಳು ಅದೇ ದಾರಿಯಲ್ಲಿ ಹೋಗಿದ್ದು ನನ್ನ ಫೋನಿನಲ್ಲಿತ್ತು. 8.2 ಕಿಲೋಮೀಟರ್, 1 ಗಂಟೆ 50 ನಿಮಿಷ. ಅದನ್ನೇ ಲೆಕ್ಕಕ್ಕೆ ಹಿಡಿದೆ. ಮೂರೂವರೆಗೆ ಹೊರಟು, ಅಲ್ಲಿ ಅರ್ಧ ಗಂಟೆ ಕೂತು, ಆರರೊಳಗೆ ವಾಪಸ್ ಅಂದುಕೊಂಡೆ.

ಹೋಗುವಾಗ ಗಾಳಿ ಬೆನ್ನಿಗಿತ್ತು. ಐವತ್ತು ನಿಮಿಷದಲ್ಲಿ ಮುಟ್ಟಿದೆವು. ಎಲ್ಲರಿಗೂ ಖುಷಿ. ಐದು ಗಂಟೆಗೆ ತಿರುಗಿದಾಗ ಅದೇ ಗಾಳಿ ಮುಖಕ್ಕೆ ಬಂತು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ನಮ್ಮಲ್ಲಿ ಪಡುವಣ ಗಾಳಿ ಏಳುತ್ತದೆ. ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಫೋನಿನಲ್ಲಿದ್ದ 1 ಗಂಟೆ 50 ನಿಮಿಷ ಅನ್ನುವ ಅಂಕಿ ನನ್ನ ಕಣ್ಣಿಗೆ ಗಾಳಿಗಿಂತ ದೊಡ್ಡದಾಗಿ ಕಂಡಿತ್ತು.

ಹೊಸಬರು ಐದು ನಿಮಿಷ ಹುಟ್ಟು ಹಾಕಿದರೆ ಎರಡು ನಿಮಿಷ ನಿಲ್ಲಿಸುತ್ತಾರೆ. ಕೈ ಸೋಲುತ್ತದೆ. ನಿಲ್ಲಿಸಿದ ಕೂಡಲೇ ದೋಣಿ ಹಿಂದಕ್ಕೆ ಜಾರುತ್ತದೆ. ಮತ್ತೆ ಹುಟ್ಟು ಹಾಕಿ ಅದೇ ನೀರನ್ನು ಇನ್ನೊಮ್ಮೆ ದಾಟಬೇಕು. ಇಲ್ಲಿ ಆ್ಯಪ್ ಏನು ಮಾಡುತ್ತದೆ ನೋಡಿ. ದೋಣಿ ಮುಂದೆ ಹೋದದ್ದೂ ದೂರ, ಹಿಂದೆ ಜಾರಿದ್ದೂ ದೂರ, ಮತ್ತೆ ಮುಂದೆ ಹೋದದ್ದೂ ದೂರ. ಎಲ್ಲವನ್ನೂ ಕೂಡಿಸುತ್ತಾ ಹೋಗುತ್ತದೆ. ಅದರ ಕೆಲಸವೇ ಅದು, ತಪ್ಪೇನಿಲ್ಲ. ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಫೋನ್ ನೋಡಿದೆ. 7.9 ಕಿಲೋಮೀಟರ್ ಅಂತಿತ್ತು. "ಇನ್ನೇನು ಬಂದೇಬಿಟ್ವಿ, ಹತ್ತೇ ನಿಮಿಷ" ಅಂತ ಜೋರಾಗಿ ಕೂಗಿ ಹೇಳಿದೆ.

ಮುಂದಿನ ದೋಣಿಯಿಂದ ನಮ್ಮ ಹಿರಿಯರು ತಿರುಗಿ ನೋಡಿದರು. "ಎಂತ ಮಾರಾಯಾ, ಆ ಗುಡ್ಡದ ತುದಿ ಇನ್ನೂ ದಾಟ್ಲಿಲ್ಲ, ನೋಡು" ಅಂದರು. ನೋಡಿದೆ. ಹೌದು. ತುದಿ ದಾಟಿದ ಮೇಲೂ ಒಂದು ಕಿಲೋಮೀಟರ್ ಇದೆ.

ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಗುಂಪಿನಲ್ಲಿ ಐವತ್ತು ದಾಟಿದ ಒಬ್ಬ ಅಮ್ಮ ಇದ್ದರು. ಅವರ ಕೈ ನಡುಗುತ್ತಿತ್ತು. "ಹತ್ತು ನಿಮಿಷ ಅಂದ್ರಲ್ಲ ನೀವು" ಅಂದರು. ಸಿಟ್ಟಿನಿಂದಲ್ಲ, ಸುಮ್ನೆ ಕೇಳಿದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಅವರ ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದೆ. ದಡ ಮುಟ್ಟುವಾಗ ಏಳಕ್ಕೆ ಐದು ನಿಮಿಷ. ಹೊತ್ತು ಮುಳುಗಿ ಮಬ್ಬುಗತ್ತಲೆ. ನಮ್ಮ ಹಿನ್ನೀರಿನಲ್ಲಿ ಮಬ್ಬುಗತ್ತಲೆ ಅಂದರೆ ಬೊಡ್ಡೆಗಳ ಭಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗಿದ ಕಾಡು ಇದು. ಒಣಗಿದ ಮರದ ಬೊಡ್ಡೆಗಳು ನೀರಿನ ಮೇಲೆ ಕಾಣುವುದು ಸ್ವಲ್ಪ. ಒಂದು ಗೇಣು ಕೆಳಗೆ ಅಡಗಿರುವುದೇ ಜಾಸ್ತಿ. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಆದರೆ ತಪ್ಪು ನನ್ನದು.

ಆ ರಾತ್ರಿ ಕೂತು ಹಳೆಯ ರೆಕಾರ್ಡ್ ತೆರೆದೆ. 1 ಗಂಟೆ 50 ನಿಮಿಷ ಅನ್ನುವುದು ಮೂವಿಂಗ್ ಟೈಮ್. ಅಂದರೆ ದೋಣಿ ಚಲಿಸುತ್ತಿದ್ದ ಹೊತ್ತು ಮಾತ್ರ. ನಿಂತ ಹೊತ್ತನ್ನು ಆ್ಯಪ್ ಕಳೆದುಬಿಡುತ್ತದೆ. ಮೊದಲು ಕಣ್ಣಿಗೆ ಬೀಳುವುದೂ ಅದೇ. ಒಳಗೆ ಹೋಗಿ ನೋಡಿದರೆ ಎಲ್ಯಾಪ್ಸ್‌ಡ್ ಟೈಮ್ ಅಂತ ಬೇರೆ ಇತ್ತು. ಹೊರಟಾಗಿನಿಂದ ಮುಟ್ಟುವವರೆಗಿನ ಪೂರ್ತಿ ಹೊತ್ತು. 2 ಗಂಟೆ 50 ನಿಮಿಷ! ನಡುಗಡ್ಡೆಯಲ್ಲಿ ಕೂತ ಅರ್ಧ ಗಂಟೆ ಕಳೆದರೂ ಇನ್ನೊಂದು ಅರ್ಧ ಗಂಟೆ ನೀರಿನ ಮೇಲೇ ಹೋಗಿತ್ತು. ಫೋಟೊ, ಲೈಫ್ ಜಾಕೆಟ್ ಬಿಗಿ ಮಾಡುವುದು, ನೀರು ಕುಡಿಯುವುದು. ಅದೂ ಗಾಳಿಯಿಲ್ಲದ ಬೆಳಗ್ಗೆ, ಹುಟ್ಟು ಹಿಡಿದು ಪಳಗಿದ ನಾವು ನಾವೇ ಹೋಗಿದ್ದಾಗ. ಅದನ್ನು ಹೊಸಬರ ಸಂಜೆಗೆ ಹೊಂದಿಸಿದ್ದೆ.

ಆಮೇಲೆ ಆ ದಿನದ ಮ್ಯಾಪ್ ದೊಡ್ಡದು ಮಾಡಿ ನೋಡಿದೆ. ಹೋದ ಗೆರೆ ದಾರ ಎಳೆದ ಹಾಗೆ ನೆಟ್ಟಗಿತ್ತು. ಬಂದ ಗೆರೆಯಲ್ಲಿ ಉದ್ದಕ್ಕೂ ಚಿಕ್ಕ ಚಿಕ್ಕ ಕೊಕ್ಕೆಗಳು. ಪ್ರತಿ ಕೊಕ್ಕೆಯೂ ಒಂದು ಸಲ ಕೈ ಸೋತು ನಿಂತದ್ದು, ದೋಣಿ ಹಿಂದೆ ಜಾರಿದ್ದು. ಎಣಿಸಿದೆ, ಇಪ್ಪತ್ತಮೂರು. ಕಿಲೋಮೀಟರ್ ಅಂಕಿ ಮುಚ್ಚಿಟ್ಟಿದ್ದನ್ನು ಗೆರೆ ಬಿಡಿಸಿ ತೋರಿಸಿತು.

ಅವತ್ತಿನಿಂದ ನಾನು ಹೋಗುವುದನ್ನು ಒಂದು ರೆಕಾರ್ಡ್, ಬರುವುದನ್ನು ಇನ್ನೊಂದು ರೆಕಾರ್ಡ್ ಮಾಡುತ್ತೇನೆ. ನಡುಗಡ್ಡೆ ಮುಟ್ಟಿದ ತಕ್ಷಣ ಸೇವ್, ಹೊರಡುವಾಗ ಹೊಸದು. ಹೊಸ ಗುಂಪಿಗೆ ಸಮಯ ಹೇಳುವಾಗ ಸರಾಸರಿ ನೋಡುವುದಿಲ್ಲ. ಆ ದಾರಿಯಲ್ಲಿ ವಾಪಸ್ ಬರಲು ಅತಿ ಜಾಸ್ತಿ ಹೊತ್ತು ಹಿಡಿದದ್ದು ಯಾವತ್ತೋ, ಅದರ ಎಲ್ಯಾಪ್ಸ್‌ಡ್ ಟೈಮ್ ಹೇಳುತ್ತೇನೆ. ನೀರಿನ ಮೇಲಿರುವಾಗ ಎಷ್ಟು ದೂರ ಉಳಿದಿದೆ ಅಂತ ತಿಳಿಯಲು ಗುಡ್ಡ ನೋಡುತ್ತೇನೆ, ಇಲ್ಲವೇ ಮ್ಯಾಪಿನಲ್ಲಿ ನಾವಿರುವ ಚುಕ್ಕೆ ನೋಡುತ್ತೇನೆ. ಒಟ್ಟು ಕಿಲೋಮೀಟರ್ ನೋಡುವುದಿಲ್ಲ.

ಇನ್ನೊಂದು ಅಭ್ಯಾಸ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಪ್ರತಿ ರೆಕಾರ್ಡಿನ ಹೆಸರಿನಲ್ಲೇ ಅವತ್ತಿನ ಲಿಂಗನಮಕ್ಕಿ ಮಟ್ಟ ಬರೆಯುತ್ತೇನೆ. ಪೇಪರಿನಲ್ಲಿ ಅಡಿ ಲೆಕ್ಕದಲ್ಲಿ ಬರುತ್ತದಲ್ವಾ, ಅದೇ. ಪೂರ್ತಿ ತುಂಬಿದರೆ 1819 ಅಡಿ. ಮಳೆಗಾಲ ಮುಗಿದ ಮೇಲೆ ಸಲೀಸಾಗಿ ದಾಟುವ ಜಾಗ ಏಪ್ರಿಲ್‌ನಲ್ಲಿ ಬೊಡ್ಡೆಗಳ ಬಯಲು. ಆ್ಯಪಿನ ಮ್ಯಾಪಿನಲ್ಲಿ ಮಾತ್ರ ವರ್ಷವಿಡೀ ಒಂದೇ ನೀಲಿ. ಬೇಸಿಗೆಯಲ್ಲಿ ಒಮ್ಮೆ ಒಣ ಮಣ್ಣಿನ ಮೇಲೆ ಕಯಾಕ್ ಹೊತ್ತು ನಡೆದಿದ್ದೆವು, ಮ್ಯಾಪಿನಲ್ಲಿ ನಮ್ಮ ಗೆರೆ ನೀರಿನ ನಡುವೆ ಹೋಗಿತ್ತು. ಆದ್ದರಿಂದ ಮಟ್ಟ ಬರೆಯದ ಹಳೆಯ ಗೆರೆಯನ್ನು ನಂಬಿ ಹೊರಡುವುದು ಅಪಾಯ.

ಫೋನ್ ಎಲ್ಲಿಡಬೇಕು ಅಂತ ಹುಡುಗರು ಕೇಳುತ್ತಾರೆ. ನೀರು ಹೋಗದ ಕವರಿನಲ್ಲಿ ಹಾಕಿ, ಲೈಫ್ ಜಾಕೆಟ್ಟಿನ ಭುಜದ ಹತ್ತಿರ ಕಟ್ಟಿಕೊಳ್ಳಿ. ಆಕಾಶ ಕಾಣಬೇಕು. ಕಾಲ ಬುಡದಲ್ಲಿ ಒದ್ದೆ ಸಾಮಾನಿನ ಕೆಳಗೆ ಇಟ್ಟರೆ ಸಿಗ್ನಲ್ ಸೋತು ಗೆರೆ ಅಂಕುಡೊಂಕಾಗುತ್ತದೆ. ಸ್ಕ್ರೀನ್ ಲಾಕ್ ಮಾಡಿ. ನೀರ ಹನಿ ಬಿದ್ದರೂ ಬೆರಳು ಮುಟ್ಟಿದಂತೆ ಆಗಿ ರೆಕಾರ್ಡ್ ನಿಂತದ್ದುಂಟು. ಬ್ಯಾಟರಿ ಸೇವರ್ ಆನ್ ಇದ್ದರೆ ಕೆಲವು ಫೋನ್‌ಗಳು ಆ್ಯಪನ್ನು ಅರ್ಧ ದಾರಿಯಲ್ಲೇ ಮಲಗಿಸುತ್ತವೆ, ಹೊರಡುವ ಮುಂಚೆ ಅದನ್ನು ತೆಗೆಯಿರಿ. ಕ್ಯಾಲೊರಿ ಅಂಕಿ ಬರೀ ಅಂದಾಜು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಬೇಸಿಗೆಯಲ್ಲಿ ಬರಿ ನೆಲದ ನಡುಗಡ್ಡೆಗಳಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತವೆ. ಭದ್ರಾ ಹಿನ್ನೀರಿನ ರಿವರ್ ಟರ್ನ್‌ಗಳನ್ನು ನೋಡಿದವರಿಗೆ ಇದು ಗೊತ್ತು. ಅಂಥ ಜಾಗದ ಹತ್ತಿರ ಹೋದ ರೆಕಾರ್ಡನ್ನು ನನಗೊಬ್ಬನಿಗೇ ಕಾಣುವ ಹಾಗೆ ಇಡುತ್ತೇನೆ. ಹಾಕಿದ ಗೆರೆ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗದು. 2018ರ ಜನವರಿಯಲ್ಲಿ ಇದೇ ಆ್ಯಪಿನ ಹೀಟ್‌ಮ್ಯಾಪಿನಿಂದ, ಅಂದರೆ ಬಳಸುವವರ ಗೆರೆಗಳನ್ನೆಲ್ಲ ಒಟ್ಟಿಗೆ ತೋರಿಸುವ ಮ್ಯಾಪಿನಿಂದ, ಸೇನಾ ನೆಲೆಗಳ ಒಳಗಿನ ದಾರಿಗಳೇ ಹೊರಬಿದ್ದಿದ್ದವು. ಮೊಟ್ಟೆ ಇರುವ ಜಾಗಕ್ಕೆ ನನ್ನ ಗೆರೆ ಹಿಡಿದು ಇನ್ನೊಂದು ಗುಂಪು ಬರುವುದು ನನಗೆ ಬೇಡ.

ಆ ನಡುಗಡ್ಡೆಗೆ ಈಗ ಬೇಸಿಗೆಯಲ್ಲಿ ಬೆಳಗ್ಗೆ ಆರೂವರೆಗೆ ಹೊರಡುತ್ತೇವೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ತೋರಿಸುವುದು ಅದೇ ಏಪ್ರಿಲ್ ಸಂಜೆಯ ರೆಕಾರ್ಡ್. ಅದರ ಹೆಸರು ಆಮೇಲೆ ಬದಲಿಸಿದೆ: "1786 ಅಡಿ, ಪಡುವಣ ಗಾಳಿ, ವಾಪಸ್ 1 ಗಂಟೆ 55 ನಿಮಿಷ." ಕೊಕ್ಕೆಗಳನ್ನು ಅವನೇ ಎಣಿಸಲಿ ಅಂತ ಫೋನ್ ಅವನ ಕೈಗೆ ಕೊಡುತ್ತೇನೆ.