ಗೋಕರ್ಣಕ್ಕೆ ಹೋದರೆ ಹೊಳೆ ದಾಟಿಬಿಡಿ

ಸಮುದ್ರ ಕಾಣುವ ಕೋಣೆ ಎಂದು ಹೇಳಿದ್ದರು. ಕಾಣುತ್ತಿತ್ತು, ಸುಳ್ಳಲ್ಲ. ಬಚ್ಚಲಿನಲ್ಲಿ ಬಕೆಟ್ ಬೋರಲು ಹಾಕಿ ಮೇಲೆ ನಿಂತರೆ ಗಾಳಿಕಿಂಡಿಯ ಆಚೆ, ಎರಡು ತೆಂಗಿನ ಮರಗಳ ನಡುವೆ, ಅಂಗೈ ಅಗಲದ ನೀಲಿ.

ಫೋನಿನಲ್ಲಿ ಒಪ್ಪಿಕೊಂಡ ದರ ದಿನಕ್ಕೆ 2,400 ರೂಪಾಯಿ. ಎರಡು ರಾತ್ರಿಗೆಂದು ಸಾವಿರ ರೂಪಾಯಿ ಮುಂಗಡವನ್ನೂ ಹುಬ್ಬಳ್ಳಿಯಿಂದಲೇ ಕಳಿಸಿದ್ದೆ. ಶನಿವಾರ ಮಧ್ಯಾಹ್ನ ಚೀಲ ಹೊತ್ತು ನಿಂತಾಗ, ಜನವರಿ 26ರ ರಜೆ ಕೂಡಿಬಂದಿದೆ, ಇವತ್ತು 3,600 ಎಂದರು. ಮೂರನೆಯವರ ಹಾಸಿಗೆಗೆ ಇನ್ನೂ 500. ಆ ಹಾಸಿಗೆಯೋ, ಹೋಳಿಗೆಗಿಂತ ಒಂದು ಎಳೆ ದಪ್ಪ. ಅದರ ಮೇಲೆ ನಾನೇ ಮಲಗಿದೆ. "ಇಷ್ಟು ದುಡ್ಡಿಗೆ ಊರಲ್ಲಿ ಒಂದು ತಿಂಗಳ ಬಾಡಿಗೆ ಆಗುತ್ತಿತ್ತಲ್ಲೋ" ಎಂದು ಅವ್ವ ಒಂದೇ ಸಲ ಹೇಳಿ ಸುಮ್ಮನಾದಳು. ಹತ್ತು ಸಲ ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ರಾತ್ರಿ ಒಂದೂವರೆಯವರೆಗೆ ಕಿಟಕಿಯ ಕೆಳಗೆ ಯಾರದೋ ಸ್ಪೀಕರ್ ಕುಣಿಯುತ್ತಿತ್ತು. ಅದಕ್ಕೇ ಹೇಳುತ್ತೇನೆ, ರಜೆ ಕೂಡಿಬಂದ ಶನಿವಾರ ಹೋಗಬೇಡಿ. ಹೋಗಲೇಬೇಕಾದರೆ ದರವನ್ನು ಫೋನಿನ ಮಾತಿಗೆ ಬಿಡದೆ, ತಾರೀಖು ಸಮೇತ ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ.

ನಾವು ಹೋದದ್ದು ಅವ್ವನ ಮಹಾಬಲೇಶ್ವರ ದರ್ಶನಕ್ಕಾಗಿ. ಅದು ಭಾನುವಾರ ನಸುಕಿನಲ್ಲೇ ಚೆನ್ನಾಗಿ ಆಯಿತು. ಗಂಡಸರಿಗೆ ಪ್ಯಾಂಟು ಶರಟು ನಡೆಯುವುದಿಲ್ಲ, ಮನೆಯಿಂದಲೇ ಪಂಚೆ ಒಯ್ಯಿರಿ. ಕುಡ್ಲೆ ಮತ್ತು ಓಂ ಕಡಲತೀರಗಳ ಬಗ್ಗೆ ನಾನು ಬರೆಯುವುದಿಲ್ಲ. ಬೆಂಗಳೂರು ಅಲ್ಲಿಗೇ ಬಂದು ಇಳಿದಂತಿತ್ತು. ಜನಜಂಗುಳಿ ನನಗೆ ಆಗದು, ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಕೂಡ ನಾನು ಸಂಜೆ ಹೊತ್ತು ಹೋಗುವವನಲ್ಲ. ಗೆಳೆಯರ ಗುಂಪಿನಲ್ಲಿ ಹೋಗುವ ಹುಡುಗರಿಗೆ ಅದೇ ಹಿತವಾಗಬಹುದು.

ಕೋಟಿತೀರ್ಥದ ಹತ್ತಿರ ಚಹಾ ಮಾಡಿಕೊಟ್ಟವನು ನನ್ನ ಮುಖ ನೋಡಿಯೇ, "ನಿಮಗೆ ಈ ಕಡೆ ಸರಿಹೋಗುವುದಿಲ್ಲ, ತದಡಿಗೆ ಹೋಗಿ ಹೊಳೆ ದಾಟಿ" ಎಂದ. ಎರಡನೆಯ ರಾತ್ರಿಯ ಆಸೆ ಬಿಟ್ಟು ಹೊರಟೇಬಿಟ್ಟೆವು.

ತದಡಿ ಮೀನುಗಾರಿಕಾ ಬಂದರು. ವಾಸನೆಗೆ ಅವ್ವ ಸೆರಗು ಮೂಗಿಗೆ ಒತ್ತಿ ಹಿಡಿದವಳು ದೋಣಿ ಹತ್ತಿದ ಮೇಲೆ ಬಿಟ್ಟಳು. ಆಚೆ ದಡದ ಊರಿಗೂ ಹೊಳೆಗೂ ಒಂದೇ ಹೆಸರು, ಅಘನಾಶಿನಿ. ಅಲ್ಲಿಂದ ಆಟೋದಲ್ಲಿ ಕಾಗಾಲ, ಬಾಡದ ಕಡೆಗೆ ಸಾಗಿದರೆ ಗಾಳಿಮರಗಳ ಸಾಲು, ಅದರಾಚೆ ಮರಳು. ಬಲೆ ಎಳೆಯುತ್ತಿದ್ದ ಏಳೆಂಟು ಜನ, ಎರಡು ನಾಯಿ, ನಾವು ಮೂವರು. ಒಂದು ಮನೆಯ ಹಿಂಭಾಗದ ಕೋಣೆ 900 ರೂಪಾಯಿಗೆ ಸಿಕ್ಕಿತು. ಬಚ್ಚಲು ಅಂಗಳದಾಚೆ, ಸೊಳ್ಳೆ ಧಾರಾಳ. ಕೋಣೆಯೊಳಗೇ ಬಚ್ಚಲು ಬೇಕೆನ್ನುವವರು ಕುಮಟಾದಲ್ಲಿ ಉಳಿದು ಹಗಲಿಗೆ ಬಂದು ಹೋಗುವುದು ಒಳ್ಳೆಯದು. ಗೋಕರ್ಣದಲ್ಲಿ ಕೆಲಸವೇ ಇಲ್ಲದಿದ್ದರೆ ಹೊಳೆ ದಾಟುವ ಗೊಡವೆಯೂ ಬೇಡ, ಕುಮಟಾದಿಂದ ರಸ್ತೆ ಇದೆ.

ಈಗ ಊಟದ ವಿಷಯ. ಆಟೋದವನು ನಿಲ್ಲಿಸಿದ ಜಾಗಕ್ಕೆ ಬೋರ್ಡ್ ಇಲ್ಲ. ಮನೆಯ ಜಗಲಿಯಲ್ಲಿ ಎರಡು ಬೆಂಚು, ಒಲೆಯ ಹತ್ತಿರ ಅತ್ತೆ, ಬಡಿಸಲು ಸೊಸೆ. ದಪ್ಪ ಕುಚಲಕ್ಕಿ ಅನ್ನ, ಹಸಿ ಕಾಯಿ ಅರೆದು ಹಾಕಿದ ಬಂಗಡೆ ಸಾರು, ಬಳಚು ಎಂಬ ಹೊಳೆಚಿಪ್ಪಿನ ಸುಕ್ಕ, ಕೊನೆಗೆ ಲೋಟದ ತುಂಬ ಕೋಕಂ ಕಡಿ. ಎಲ್ಲ ಸೇರಿ 120 ರೂಪಾಯಿ, ರವೆ ಹಚ್ಚಿ ಹುರಿದ ಮೀನಿಗೆ ಬೇರೆ 60. ಆ ಬಳಚನ್ನು ಇದೇ ಹೊಳೆಯಲ್ಲಿ ನೀರು ಇಳಿದಾಗ ಕೆಸರಿನಿಂದ ಆರಿಸಿ ತರುತ್ತಾರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು ಈ ಅಳಿವೆಯೇ. ಚಿಪ್ಪಿನಿಂದ ಬಿಡಿಸಿ ತಿನ್ನಲು ನನಗೆ ಬರಲಿಲ್ಲ. ಸೊಸೆ ನಗುತ್ತ ಒಂದು ಬಿಡಿಸಿ ತೋರಿಸಿದಳು.

ನಮ್ಮ ಮನೆಯಲ್ಲಿ ಮೀನು ತಿನ್ನುವವನು ನಾನೊಬ್ಬನೇ, ಅದೂ ಊರ ಹೊರಗೆ. ಅವ್ವ, ಹೆಂಡತಿ ಇಬ್ಬರೂ ಬೆಂಚಿನ ತುದಿಗೆ ಕುಳಿತು, ತಂದಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಗಂಟು ಬಿಚ್ಚುತ್ತಿದ್ದರು. ಅತ್ತೆ ಒಲೆ ಬಿಟ್ಟು ಎದ್ದು ಬಂದು, "ಮಜ್ಜಿಗೆ ಪಾತ್ರೆ ಬೇರೆ ಇದೆ ಅಮ್ಮಾ, ಮೀನು ಮುಟ್ಟಿದ್ದಲ್ಲ" ಎಂದು ಹೇಳಿ, ತಂಬುಳಿ, ಹರಿವೆ ಸೊಪ್ಪಿನ ಹುಳಿ, ಒಂದು ತುಂಡು ಮಿಡಿ ಉಪ್ಪಿನಕಾಯಿ ತಂದಿಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅವ್ವ ಅರ್ಧ ರೊಟ್ಟಿ ಅವರ ತಟ್ಟೆಗೆ ಹಾಕಿದಳು. ಅವರು ಅದನ್ನು ತಂಬುಳಿಯಲ್ಲಿ ನೆನೆಸಿ ತಿಂದರು. ಮರುದಿನ ಮಧ್ಯಾಹ್ನವೂ ಅಲ್ಲೇ ಊಟ, ಹೊರಡುವ ದಿನವೂ ಅಲ್ಲೇ. ಎರಡು ಗಂಟೆ ದಾಟಿದರೆ ಬಳಚು ಮುಗಿದಿರುತ್ತದೆ, ಬೇಗ ಹೋಗಿ.

ಆ ತೀರದಲ್ಲಿ ಜೀವರಕ್ಷಕರು ನನ್ನ ಕಣ್ಣಿಗೆ ಬೀಳಲಿಲ್ಲ. ಹೊಳೆ ಸಮುದ್ರ ಸೇರುವ ಕಡೆ ಸೆಳೆತ ಜೋರು, ನಮ್ಮ ಉಣಕಲ್ ಕೆರೆಯ ಈಜು ಅಲ್ಲಿ ಸಾಲದು, ಮೊಣಕಾಲು ನೀರಿಗೆ ನಿಲ್ಲಿಸಿಕೊಳ್ಳಿ. ಕುಡಿಯುವ ನೀರು, ಚಿಲ್ಲರೆ ನೋಟು ಕೈಯಲ್ಲಿರಲಿ. ತದಡಿಗೇ ಮರಳುವುದಿದ್ದರೆ ಸಂಜೆಯ ಕೊನೆಯ ದೋಣಿ ಎಷ್ಟಕ್ಕೆಂದು ಇಳಿಯುವಾಗಲೇ ಕೇಳಿಕೊಳ್ಳಿ.

ದಾರಿಯ ಬಗ್ಗೆ ಒಂದೆರಡು ಮಾತು. ಹುಬ್ಬಳ್ಳಿ–ಅಂಕೋಲಾ ರೈಲು ಮಂಜೂರಾದದ್ದು 1990ರ ದಶಕದಲ್ಲಿ, ಈಗಲೂ ನಾವು ಬಸ್ಸಿನಲ್ಲೇ ಹೋಗುತ್ತಿದ್ದೇವೆ. ಕಲಘಟಗಿ, ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ತಿರುವುಗಳು, ಮುಂದೆ ಲಾರಿಗಳ ಸಾಲು. ಯಲ್ಲಾಪುರದಲ್ಲಿ ಚಹಾ ಕುಡಿಯಿರಿ, ಹೊಟ್ಟೆ ತುಂಬ ತಿನ್ನಬೇಡಿ. ಹಿಂದಿನ ಸೀಟಿನವರು ಮಿರ್ಚಿ ಭಜಿ ತಿಂದು ಹತ್ತಿದ್ದರು, ಮುಂದಿನದನ್ನು ಬರೆಯಲಾರೆ. ಮಳೆಗಾಲದಲ್ಲಂತೂ ಈ ಪ್ರವಾಸ ಬೇಡ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಇದೇ ದಾರಿಯಲ್ಲಿ, ಅಂಕೋಲಾ ದಾಟಿದ ಮೇಲೆ ಸಿಗುತ್ತದೆ. ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ತಾಜಾ ಬಂಗಡೆಯ ಆಸೆಯನ್ನೂ ಬಿಡಬೇಕಾಗುತ್ತದೆ.

ವಾಪಸು ಬರುವಾಗ ಅವ್ವ ಎರಡು ಕಿಲೋ ಸಾಣಿಕಟ್ಟಾ ಉಪ್ಪು ಹೊರಿಸಿದಳು, ಬೇಸಿಗೆಯ ಉಪ್ಪಿನಕಾಯಿಗೆಂದು. ಉಳಿಯದ ರಾತ್ರಿಯ ಮುಂಗಡ 500 ರೂಪಾಯಿಗಾಗಿ ನಾನು ಗೋಕರ್ಣದ ಆ ನಂಬರಿಗೆ ಆರು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ ಎತ್ತಿದವರು, ಮುಂದಿನ ಸಲ ಬಂದಾಗ ಲೆಕ್ಕಕ್ಕೆ ಹಿಡಿದುಕೊಳ್ಳುತ್ತೇವೆ ಎಂದರು.